ನೆಲಮಾಳಿಗೆಯ ಆಯುಧಪೂಜೆ

ಕ್ಯಾಂಟನ್, ಮಿಷಿಗನ್
ಶನಿವಾರ, 3 ಅಕ್ಟೋಬರ್ 2009
ಬೆಳಿಗ್ಗೆ ಏಳೂಕಾಲು

ರೀ,

ಮದುವೆಯಾಗಿ ಇಪ್ಪತ್ತಮೂರು ವರ್ಷವಾದರೂ ನಿಮ್ಮ ಹೆಸರು ಬರೆಯಲು ನನ್ನ ಪೆನ್ನು ಒಪ್ಪುವುದಿಲ್ಲ. ಲಕೋಟೆಯ ಮೇಲೆ ಅನಿಕಾ ಅದನ್ನು ಇಂಗ್ಲಿಷಿನಲ್ಲಿ ಬರೆದುಕೊಡುತ್ತಾಳೆ, ಅಷ್ಟು ಸಾಕು. ಹೇಗಿದ್ದೀರಿ? ಮಂಡಿನೋವು ಕಡಿಮೆಯಾಯಿತೇ? ಆ ಗೋದಾಮಿನ ಸಿಮೆಂಟ್ ನೆಲದ ಮೇಲೆ ಹತ್ತು ಗಂಟೆ ನಿಲ್ಲುವಾಗ ನಾನು ಕೊಡಿಸಿದ ದಪ್ಪ ಅಟ್ಟೆಯ ಬೂಟು ಹಾಕಿಕೊಳ್ಳುತ್ತೀರೋ, ಇಲ್ಲ ಆಫೀಸಿಗೆ ಹಾಕುತ್ತಿದ್ದ ಹಳೆಯ ಬೂಟಿನಲ್ಲೇ ಹೋಗುತ್ತೀರೋ? ಬಿ.ಪಿ. ಮಾತ್ರೆ ತಪ್ಪಿಸಬೇಡಿ. ನಾವಿಬ್ಬರೂ ಚೆನ್ನಾಗಿದ್ದೇವೆ. ಅನಿಕಾಗೆ ಸ್ವಲ್ಪ ಶೀತ, ಶುಂಠಿ ಕಷಾಯ ಕೊಟ್ಟರೆ ಮೂಗು ಮುಚ್ಚಿಕೊಂಡು ಸಿಂಕಿಗೆ ಚೆಲ್ಲುತ್ತಾಳೆ, ನಾನು ನೋಡಲಿಲ್ಲ ಅಂದುಕೊಂಡಿದ್ದಾಳೆ.

ಫೋನಿನಲ್ಲೇ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎನ್ನುತ್ತೀರಿ. ಫೋನಿನಲ್ಲಿ ನೀವು ‘ಹೂಂ’ ಬಿಟ್ಟು ಬೇರೆ ಮಾತಾಡುವುದಿಲ್ಲ. ಅರ್ಧ ದಿನ ಅದಕ್ಕೆ ಚಾರ್ಜೇ ಇರುವುದಿಲ್ಲ. ಮೆಸೇಜು ಬಿಡೋಣವೆಂದರೆ ಮೇಲ್‌ಬಾಕ್ಸ್ ತುಂಬಿದೆ ಎಂದು ಆ ಹೆಂಗಸಿನ ಧ್ವನಿ ಬರುತ್ತದೆ, ಅಳಿಸಿ ಅಳಿಸಿ ಎಂದು ಜುಲೈಯಿಂದ ಹೇಳುತ್ತಿದ್ದೇನೆ. ಅದೂ ಅಲ್ಲದೆ ಈ ಮನೆಯ ಗೋಡೆಗಳು ಎಷ್ಟು ತೆಳು ಅಂದರೆ ನಾನು ಹೆದರಿದ್ದೇನೆ ಎಂದು ನಿಮಗೆ ಹೇಳಿದರೆ ಅದು ಮಗಳಿಗೆ ಮೊದಲು ಕೇಳಿಸುತ್ತದೆ. ಪಕ್ಕದ ಬೀದಿಯ ಗೋಪಿ ಮತ್ತು ರೇಣು ಇವತ್ತು ನಿಮ್ಮ ಊರಿನ ಹತ್ತಿರ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಯಾರದೋ ನಾಮಕರಣಕ್ಕೆ ಹೊರಟಿದ್ದಾರೆ. ಸಂಜೆ ಬೋಲಿಂಗ್‌ಬ್ರೂಕ್‌ಗೆ ಬಂದು ನಿಮ್ಮ ರೂಮಿನಲ್ಲಿ ಪಾರ್ಸಲ್ ಕೊಡುತ್ತೇನೆ ಎಂದು ಗೋಪಿ ಒಪ್ಪಿಕೊಂಡಿದ್ದಾನೆ. ಹುಳಿಪುಡಿ, ಚಟ್ನಿಪುಡಿ, ನವಮಿಯ ಕೊಬ್ಬರಿ ಮಿಠಾಯಿ ಇಟ್ಟಿದ್ದೇನೆ. ಪುಟ್ಟ ಪೊಟ್ಟಣದಲ್ಲಿ ಪೂಜೆಯ ಅಕ್ಷತೆ ಇದೆ, ಸ್ನಾನ ಮಾಡಿ ತಲೆಗೆ ಹಾಕಿಕೊಳ್ಳಿ. ನಿಂಗಪ್ಪನವರಿಗೂ ಕೊಡಿ. ಪಾಪ, ಗದಗಿನ ಮನುಷ್ಯ, ನಿಮ್ಮ ಅಡುಗೆ ತಿಂದುಕೊಂಡು ಒಂದೇ ರೂಮಿನಲ್ಲಿ ಇದ್ದಾರಲ್ಲ, ಅವರಿಗೆ ದೇವರ ಆಶೀರ್ವಾದ ನಿಮಗಿಂತ ಹೆಚ್ಚು ಬೇಕು.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ನನಗೆ ಭಯವಾಗುತ್ತದೆ ರೀ. ಭಾನುವಾರದಿಂದ ಒಂದೇ ಸಮನೆ ಆಗುತ್ತಿದೆ. ನೀವು ಪಿಸ್ತೂಲು ತಂದ ದಿನವೂ ಆಗಿತ್ತು, ಆಗ ಬಾಯಿ ಬಿಟ್ಟಿರಲಿಲ್ಲ. ಫೆಬ್ರವರಿಯಲ್ಲಿ ನಿಮ್ಮ ಕೆಲಸ ಹೋಯಿತು, ಹತ್ತೊಂಬತ್ತು ವರ್ಷ ಕಾರಿನ ಬಾಗಿಲುಗಳಿಗೆ ಅಚ್ಚು ಡಿಸೈನ್ ಮಾಡಿದ ಮನುಷ್ಯ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಬಂದಿರಿ, ಏಪ್ರಿಲ್‌ನಲ್ಲಿ ಗುರಿ ಹೊಡೆಯುವ ಕ್ಲಬ್ಬಿಗೆ ಸೇರಿದಿರಿ. ಕೆಲಸವಿಲ್ಲದ ಗಂಡಸು, ಮನೆಯಲ್ಲಿ ಬಂದೂಕು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ದಿನಾ ಏನೇನು ಕೇಳುತ್ತೇನೆ ಎಂದು ನಿಮಗೆ ಗೊತ್ತು. ಆದರೆ ಅಲ್ಲಿಗೆ ಹೋಗಿಬಂದ ದಿನ ನೀವು ಎರಡು ಚಪಾತಿ ಹೆಚ್ಚು ತಿನ್ನುತ್ತಿದ್ದಿರಿ. ‘ಅಲ್ಲಿ ನಿಂತಾಗ ತಲೇಲಿ ಏನೂ ಇರಲ್ಲ ಕಣೇ, ಉಸಿರು ಮಾತ್ರ’ ಅಂದಿರಿ. ಅದಕ್ಕೇ ನಾನು ತೆಪ್ಪಗಾದೆ.

ಆಮೇಲೆ ಅಂಗಡಿಗಳಲ್ಲಿ ತೋಟಾ ಸಿಗದೆ ಹೋಯಿತು. ವಾರಕ್ಕೊಮ್ಮೆ ಹೋಗಿ ಖಾಲಿ ಕಪಾಟು ನೋಡಿಕೊಂಡು ಬರುತ್ತಿದ್ದಿರಿ. ಕೊನೆಗೆ ಜುಲೈಯಲ್ಲಿ ಬೋಲಿಂಗ್‌ಬ್ರೂಕ್‌ನ ಈ ಕೆಲಸ ಸಿಕ್ಕಿ ಹೊರಡುವಾಗ, ಹಾರಿಸಿ ಉಳಿದ ಹಿತ್ತಾಳೆಯ ಖಾಲಿ ತೋಟಾಗಳನ್ನು ಡಬ್ಬಿಯಲ್ಲಿ ತುಂಬಿಸಿಟ್ಟು, ಮನೆಯಲ್ಲೇ ಮದ್ದು ಗುಂಡು ತುಂಬಿ ಮತ್ತೆ ಬಳಸಬಹುದು, ಸಾಮಾನು ತಂದಿಡು ಎಂದು ನನ್ನ ಕೈಗೆ ಪಟ್ಟಿ ಕೊಟ್ಟಿರಿ. ನಾನು ಪಟ್ಟಿಯನ್ನು ಹುಳಿಪುಡಿ ಡಬ್ಬಿಯ ಕೆಳಗಿಟ್ಟು ಎರಡು ವಾರ ಮರೆತ ಹಾಗೆ ಇದ್ದೆ. ಮರೆತಿರಲಿಲ್ಲ. ಬೇರೆ ಯಾರೋ ತಂದು ಕೊಡುವುದಕ್ಕಿಂತ ನಾನೇ ನೋಡಿ ತರುವುದು ಕ್ಷೇಮ ಎಂದು ಕೊನೆಗೆ ಹೋದೆ.

ಆ ಅಂಗಡಿಯ ಕಥೆ ನಿಮಗೆ ಪೂರ್ತಿ ಹೇಳಿಲ್ಲ. ಸೀರೆಯಲ್ಲ, ಆಸ್ಪತ್ರೆಯ ನೀಲಿ ಬಟ್ಟೆಯಲ್ಲೇ ಹೋಗಿದ್ದೆ, ಆದರೂ ಎಲ್ಲರೂ ತಿರುಗಿ ನೋಡಿದರು. ಕೌಂಟರಿನ ಹಿಂದೆ ಲೆಸ್ಟರ್ ಎಂಬ ಮುದುಕ ಇದ್ದ. ಅವನ ಬಲಗೈಯ ತೋರುಬೆರಳು ಅರ್ಧ ಇರಲಿಲ್ಲ. ನನ್ನ ಕಣ್ಣು ಅಲ್ಲೇ ನೆಟ್ಟಿತು. ಅವನು ನಕ್ಕು, ಇದು ಕಾರ್ಖಾನೆಯ ಪ್ರೆಸ್‌ನಲ್ಲಿ ಹೋದದ್ದು, ಇಲ್ಲಿ ಅಲ್ಲ, ಇಲ್ಲಿ ನಾನು ಹುಷಾರಾಗಿದ್ದೇನೆ ಎಂದ. ನಿಮ್ಮ ಪಟ್ಟಿ ನೋಡಿ ತಲೆಯಾಡಿಸಿದ. ನೀವು ಬರೆದದ್ದು ಹಿಡಿಯನ್ನು ಎಳೆದಾಗಲೆಲ್ಲ ಒಂದು ಪೂರ್ತಿ ತೋಟಾ ಉದುರಿಸುವ ಯಂತ್ರ. ಹೊಸಬರಿಗೆ ಅದು ಬೇಡ, ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವ ಪ್ರೆಸ್ ಸಾಕು, ನಿಧಾನ ಇದ್ದಷ್ಟೂ ಕಣ್ಣು ನೋಡುತ್ತದೆ ಎಂದ. ನಿಧಾನ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅದನ್ನೇ ಕೊಡಿ ಎಂದೆ. ನಿಮ್ಮನ್ನು ಕೇಳಲೂ ಇಲ್ಲ.

ತಕ್ಕಡಿಯ ವಿಷಯವೂ ಅಷ್ಟೇ. ನೀವು ಬ್ಯಾಟರಿಯದ್ದು ಬರೆದಿದ್ದಿರಿ. ಅದು ಗಾಳಿ ಬೀಸಿದರೆ, ಬ್ಯಾಟರಿ ಸೊರಗಿದರೆ ತನ್ನಿಷ್ಟಕ್ಕೆ ಅಂಕಿ ಬದಲಿಸುತ್ತದೆ. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಮುಟ್ಟಿದ್ದು ದಂಡದ ತಕ್ಕಡಿ, ಒಂದು ಕಡೆ ಪುಟ್ಟ ತಟ್ಟೆ, ಸೊನ್ನೆಯ ಗೆರೆಗೆ ಬಂದು ನಿಲ್ಲುವ ಮುಳ್ಳು. ಅದು ಸುಳ್ಳು ಹೇಳುವುದಿಲ್ಲ ಎಂದು ನನ್ನ ನಂಬಿಕೆ. ನಮ್ಮ ವತ್ಸಲಾ ಮೇಡಂ ತಟ್ಟೆಯನ್ನು ಬರಿಗೈಯಲ್ಲಿ ಮುಟ್ಟಿದವರನ್ನು ಲ್ಯಾಬಿನಿಂದ ಹೊರಗೆ ಕಳಿಸುತ್ತಿದ್ದರು, ‘ಬೆರಳಿನ ಬೆವರಿಗೂ ತೂಕ ಇದೆ ಕಣ್ರಮ್ಮಾ’ ಎನ್ನುತ್ತಿದ್ದರು. ಲೆಸ್ಟರ್ ಕೂಡ ದಂಡದ್ದೇ ಒಳ್ಳೆಯದು ಎಂದ. ಜೊತೆಗೆ ಅಚ್ಚುಗಳ ಸೆಟ್ಟು, ಕನ್ನಡಕ, ತೋಟಾ ನಿಲ್ಲಿಸುವ ಮರದ ಹಲಗೆ, ಗುಂಡುಗಳು, ಮದ್ದಿನ ಡಬ್ಬಿ, ಎಷ್ಟು ಮದ್ದು ಹಾಕಬೇಕೆಂದು ಹೇಳುವ ದಪ್ಪ ಪುಸ್ತಕ. ಕೊನೆಯಲ್ಲಿ ಸುತ್ತಿಗೆಯ ಆಕಾರದ ಒಂದು ಪ್ಲಾಸ್ಟಿಕ್ ಸಾಮಾನು ಇಟ್ಟ. ತಪ್ಪಾಗಿ ತುಂಬಿದ ತೋಟಾವನ್ನು ಅದರೊಳಗಿಟ್ಟು ಕುಟ್ಟಿದರೆ ಗುಂಡು ಮತ್ತು ಮದ್ದು ಹೊರಗೆ ಬರುತ್ತವಂತೆ. ಎಲ್ಲರೂ ಇದನ್ನು ಕೊನೆಗೆ ಕೊಳ್ಳುತ್ತಾರೆ, ಮೊದಲು ಕೊಳ್ಳಬೇಕಾದದ್ದು ಇದೇ ಎಂದ. ಮನೆಗೆ ಬಂದಾಗ ನೀವು ಅದನ್ನು ನೋಡಿ ಎಷ್ಟು ನಕ್ಕಿರಿ! ‘ತಪ್ಪು ಮಾಡೋಕ್ಮುಂಚೇನೇ ತಿದ್ದೋಕೆ ಸುತ್ತಿಗೆ ತಂದಿದೀಯಲ್ಲೇ, ಮಹಾತಾಯಿ’ ಎಂದಿರಿ. ಅದು ಇನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇದೆ.

ಸಾಮಾನು ತಂದಿಟ್ಟ ಮೇಲೆ ನನ್ನ ನಿದ್ದೆ ಹಾರಿಹೋಯಿತು. ಮದ್ದಿನ ಡಬ್ಬಿಯನ್ನು ಮೊದಲು ಗ್ಯಾರೇಜಿನಲ್ಲಿಟ್ಟೆ, ಬಿಸಿಲು ಎಂದು ನೆಲಮಾಳಿಗೆಗೆ ತಂದೆ, ಅಲ್ಲಿ ವಾಟರ್ ಹೀಟರ್ ಉರಿಯುತ್ತದೆ ಎಂದು ಮೇಲಿನ ಬಟ್ಟೆ ಬೀರುವಿಗೆ ಸಾಗಿಸಿದೆ. ಅನಿಕಾ ‘ಅಮ್ಮಾ, ಇಟ್ಸ್ ನಾಟ್ ಅ ಬಾಂಬ್’ ಎಂದು ಹಣೆ ಚಚ್ಚಿಕೊಂಡಳು. ಅವಳಿಗೇನು ಗೊತ್ತು. ಜುಲೈ ನಾಲ್ಕರ ಪಟಾಕಿಯಲ್ಲಿ ಕೈ ಹೋದವನ ರಕ್ತದ ಟ್ಯೂಬು ನನ್ನ ಟೇಬಲ್ಲಿಗೆ ಬಂದಿತ್ತು. ನಾನು ನೋಡುವುದು ಟ್ಯೂಬು ಮಾತ್ರ, ಮನುಷ್ಯನನ್ನಲ್ಲ. ಆದರೂ ಟ್ಯೂಬಿನ ಮೇಲಿನ ಹೆಸರು ಓದುವಾಗ ಪ್ರತಿ ಸಲ ಕಣ್ಣು ಮುಚ್ಚಿ ತೆಗೆಯುತ್ತೇನೆ, ನಿಮ್ಮ ಹೆಸರು ಇರಬಾರದು ಎಂದು.

ಇಷ್ಟು ಹೆದರುವವಳು ಆ ಪ್ರೆಸ್ಸನ್ನು ಪೂಜೆಗೆ ಯಾಕಿಟ್ಟೆ ಎಂದು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಪ್ರತಿ ವರ್ಷ ಆಯುಧಪೂಜೆಗೆ ನಿಮ್ಮ ಮೈಕ್ರೋಮೀಟರು, ವರ್ನಿಯರ್, ಚರ್ಮದ ಪೆಟ್ಟಿಗೆಯ ಅಳತೆಪಟ್ಟಿಗಳನ್ನು ಸಾಲಾಗಿ ಇಡುತ್ತಿದ್ದಿರಿ, ನಾನು ಒಂದೊಂದಕ್ಕೂ ಗಂಧ ಹಚ್ಚುತ್ತಿದ್ದೆ. ಈ ಸಲ ಅವೆಲ್ಲ ಕಂಪನಿಗೆ ವಾಪಸು ಹೋಗಿವೆ. ಮಣೆ ತೊಳೆದು ರಂಗೋಲಿ ಹಾಕಿ ಕುಳಿತೆ, ಇಡಲು ನನ್ನ ಹೊಲಿಗೆ ಮಿಷನ್ನು ಮತ್ತು ಅನಿಕಾಳ ಲ್ಯಾಪ್‌ಟಾಪ್ ಬಿಟ್ಟು ಏನೂ ಇರಲಿಲ್ಲ. ನಿಮ್ಮ ಜಾಗ ಖಾಲಿ. ಹೋದ ಶನಿವಾರ ಇನ್ನೂರೆಪ್ಪತ್ತು ಮೈಲಿ ಡ್ರೈವ್ ಮಾಡಿಕೊಂಡು ಬಂದು ನೀವು ಆ ಖಾಲಿ ಮಣೆ ನೋಡುವುದು ನನಗೆ ಬೇಡವಾಗಿತ್ತು. ಅದಕ್ಕೆ ಮಣೆಯನ್ನು ನೆಲಮಾಳಿಗೆಗೆ ಒಯ್ದು ಪ್ರೆಸ್ಸಿನ ಬೆಂಚಿನ ಪಕ್ಕದಲ್ಲೇ ಹಾಕಿದೆ. ಭಾನುವಾರ ನೀವು ಮೆಟ್ಟಿಲಿಳಿದು ಬಂದವರು ‘ಏನೇ ಇದು, ಇದಕ್ಕೂ ಅರಿಶಿನ ಕುಂಕುಮಾನಾ?’ ಎಂದಿರಿ, ಆದರೆ ಹೋಗಿ ಪಂಚೆ ಉಟ್ಟು ಬಂದು ನೀವೇ ಮಂಗಳಾರತಿ ಮಾಡಿದಿರಿ. ಎಂಟು ತಿಂಗಳಲ್ಲಿ ನಿಮ್ಮ ಮುಖ ಹಾಗೆ ಬೆಳಗಿದ್ದನ್ನು ನಾನು ನೋಡಿರಲಿಲ್ಲ. ನಾನಂತೂ ಮದ್ದಿನ ಡಬ್ಬಿ ಮೇಲಿನ ಬೀರುವಿನಲ್ಲಿದೆಯೇ ಎಂದು ಎರಡು ಸಲ ನೋಡಿಬಂದು ಆಮೇಲೆ ದೀಪ ಹಚ್ಚಿದ್ದೆ. ಪ್ರೆಸ್ಸಿಗೆ, ಅಚ್ಚಿಗೆ, ತಕ್ಕಡಿಗೆ ಧಾರಾಳವಾಗಿ ಗಂಧ ಹಚ್ಚಿ ಅಕ್ಷತೆ ಹಾಕಿದೆ. ಈ ಸಾಮಾನು ನಿಮ್ಮನ್ನು ಕಾಯಲಿ ಎಂದು ಬೇಡಿಕೊಂಡೆ.

ಪೂಜೆಯ ದಿನ ಆಯುಧ ಮುಟ್ಟಬಾರದು, ದಶಮಿಯ ದಿನ ತೆಗೆಯಬೇಕು ಎಂದು ನಾನು ಹೇಳಿದ್ದಕ್ಕೆ ಸಿಟ್ಟಾದಿರಿ. ‘ನಾಳೆ ಬೆಳಿಗ್ಗೆ ಐದಕ್ಕೆ ಹೊರಡ್ಬೇಕು ಕಣೇ, ಮುಟ್ದೆ ಹೆಂಗಾಗುತ್ತೆ’ ಎಂದು ಊಟವಾದ ಕೂಡಲೇ ಕೆಳಗೆ ಇಳಿದಿರಿ. ನಾನು ಮೆಟ್ಟಿಲ ಮೇಲೆ ಕುಳಿತು ಎರಡು ಗಂಟೆ ನೋಡಿದೆ. ನೀವು ಮುಳ್ಳನ್ನು ಸೊನ್ನೆಗೆ ತಂದು ನಿಲ್ಲಿಸಿದ ರೀತಿ, ಐವತ್ತು ತೋಟಾಗಳಿಗೂ ಒಂದೊಂದಾಗಿ ಮದ್ದು ತೂಗಿ ತೂಗಿ ಸುರಿದ ರೀತಿ, ಹಳೆಯ ಆಫೀಸಿನ ಜಗನ್ನಾಥರೇ ಅಲ್ಲಿ ಕುಳಿತಿದ್ದರು. (ನೋಡಿ, ಹೆಸರು ಬರೆದೇಬಿಟ್ಟೆ.) ಒಂದು ವಿಷಯ ಮಾತ್ರ ಹೇಳಲೇಬೇಕು. ಪುಸ್ತಕದಲ್ಲಿ ಮದ್ದಿನ ತೂಕಕ್ಕೆ ಕೆಳಗಿನ ಅಂಕಿ ಒಂದು, ಮೇಲಿನ ಮಿತಿ ಒಂದು ಇದೆ, ಮಿತಿ ದಾಟಿದರೆ ಪಿಸ್ತೂಲು ಕೈಯಲ್ಲೇ ಸಿಡಿಯಬಹುದು. ಹೊಸಬರು ಕೆಳಗಿನಿಂದ ಶುರು ಮಾಡಬೇಕು ಎಂದು ಲೆಸ್ಟರ್ ಎರಡು ಸಲ ಹೇಳಿ ಕಳಿಸಿದ್ದ. ನೀವು ಮೇಲಿನ ಮಿತಿಯ ಹತ್ತಿರಕ್ಕೇ ಹೋದಿರಿ. ಕೇಳಿದರೆ ‘ಮಿತಿಯೊಳಗೇ ಇದೀನಲ್ಲ, ತಕ್ಕಡಿ ಸರಿಯಿದೆಯಲ್ಲ’ ಎಂದಿರಿ. ಮಿತಿಯೊಳಗೆ ಇದ್ದೀರಿ, ನಿಜ. ಆದರೂ ನನಗೆ ಸಮಾಧಾನವಿಲ್ಲ.

ಅದಕ್ಕೇ ಈ ಕಾಗದ. ಮುಂದಿನ ಸಲ ದಯವಿಟ್ಟು ಕೆಳಗಿನ ಅಂಕಿಯಿಂದ ಶುರು ಮಾಡಿ. ತುಂಬಿದ ತೋಟಾಗಳ ಡಬ್ಬಿ ಒಯ್ಯುವಾಗ, ಇವತ್ತು ಎರಡು ಗಂಟೆಗೆ ಶಿಫ್ಟ್ ಮುಗಿಸಿಕೊಂಡು ನೇರವಾಗಿ ಗುರಿ ಹೊಡೆಯುವ ರೇಂಜಿಗೆ ಹೋಗುತ್ತೇವೆ, ನಿಂಗಪ್ಪನಿಗೂ ಕಲಿಸುತ್ತೇನೆ ಎಂದಿದ್ದಿರಿ. ಮೊನ್ನೆ ಫೋನಿನಲ್ಲಿ ಅವರು ‘ವೈನೀ, ಕಾಳಜಿ ಮಾಡಬ್ಯಾಡ್ರಿ, ಮದ್ಲ ಅವ್ರು ಹೊಡೀಲಿ, ಆಮ್ಯಾಲೆ ನಾ’ ಎಂದು ನಕ್ಕರು. ಕನ್ನಡಕ ಹಾಕಿಕೊಳ್ಳಿ, ಅವರಿಗೂ ಹಾಕಿಸಿ. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ನೀವು ಹೋಗಿ ಬಂದು ಕಾಲು ಚಾಚಿಕೊಂಡಿರುತ್ತೀರಿ, ಇವಳೊಬ್ಬಳು ಪುಕ್ಕಲಿ ಎಂದು ನಗುತ್ತೀರಿ. ನಗಿ, ಪರವಾಗಿಲ್ಲ.

ದೀಪಾವಳಿಗೆ ಎರಡು ವಾರವಿದೆ, ರಜೆ ಹಾಕಿ ಬನ್ನಿ. ಅನಿಕಾ ನಿಮ್ಮನ್ನು ಕೇಳಿದ್ದಾಳೆ, ‘ಟೆಲ್ ಅಪ್ಪಾ ಐ ಪಾಸ್ಡ್ ದಿ ಡ್ರೈವಿಂಗ್ ಟೆಸ್ಟ್’ ಎನ್ನುತ್ತಿದ್ದಾಳೆ. ನಿಂಗಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ಚಳಿ ಶುರುವಾಗಿದೆ, ನೆಲಮಾಳಿಗೆಯ ಪೆಟ್ಟಿಗೆಯಲ್ಲಿರುವ ನಿಮ್ಮ ಬೂದು ಸ್ವೆಟರ್ ತಂದು ಪಾರ್ಸಲ್ಲಿಗೆ ಹಾಕುತ್ತೇನೆ. ತಾಯಿ ಚಾಮುಂಡಿ ನಿಮ್ಮ ಕೈಕಾಲು ಕಣ್ಣು ಎಲ್ಲವನ್ನೂ ನೆಟ್ಟಗಿಟ್ಟಿರಲಿ.

ನಿಮ್ಮ
ಪ್ರಭಾ

ತಾ.ಕ.: ರೀ, ಆ ತೋಟಾಗಳನ್ನು ಹಾರಿಸಬೇಡಿ. ಒಂದನ್ನೂ ಹಾರಿಸಬೇಡಿ. ಸ್ವೆಟರಿಗೆ ಕೆಳಗೆ ಹೋದವಳು ತಕ್ಕಡಿ ನೋಡಿದೆ. ನೀವು ಹೋದ ಮೇಲೆ ಅದನ್ನು ಯಾರೂ ಮುಟ್ಟಿಲ್ಲ. ದಂಡದ ಮೇಲಿನ ತೂಕಗಳನ್ನು ನೀವು ಸೊನ್ನೆಗೆ ಸರಿಸಿಟ್ಟೇ ಹೋಗಿದ್ದೀರಿ, ಆದರೂ ಖಾಲಿ ತಟ್ಟೆ ಮೇಲಕ್ಕೆದ್ದು ನಿಂತಿದೆ, ಮುಳ್ಳು ಸೊನ್ನೆಯಲ್ಲಿಲ್ಲ. ಬಗ್ಗಿ ನೋಡಿದರೆ ತಟ್ಟೆಯ ಕೆಳಗೆ ಬೆಂಚಿನ ಮೇಲೆ ಒಂದು ಅಕ್ಷತೆ ಕಾಳು ಬಿದ್ದಿದೆ, ಗಂಧ ಒಣಗಿ ಅಂಟಿದೆ. ತಟ್ಟೆ ಹಿಡಿಯುವ ಕೊಂಡಿಯ ತಳದಲ್ಲಿ ಅದೇ ಗಂಧದ ಗುರುತು ಇದೆ. ಚಿಮುಟದಿಂದ ಆ ಕಾಳನ್ನು ತಟ್ಟೆಗೆ ಹಾಕಿದೆ. ಮುಳ್ಳು ಸರಿಯಾಗಿ ಸೊನ್ನೆಗೆ ಬಂದು ನಿಂತಿತು. ಮೂರು ಸಲ ಮಾಡಿದೆ, ಅನಿಕಾಳಿಂದಲೂ ಮಾಡಿಸಿದೆ. ಅವಳು ‘ಅಮ್ಮಾ, ಕಾಲ್ ಹಿಮ್ ನೌ’ ಎಂದು ಅಳುತ್ತಿದ್ದಾಳೆ. ನಿಮಗೆ ಅರ್ಥವಾಯಿತಲ್ಲ? ಗಂಧ ಹಸಿಯಿದ್ದಾಗ ಕಾಳು ಕೆಳಗೆ ಅಂಟಿಕೊಂಡಿತ್ತು, ನೀವು ಅದನ್ನೂ ಸೇರಿಸಿ ಸೊನ್ನೆ ಮಾಡಿದಿರಿ. ಮಧ್ಯದಲ್ಲಿ ಯಾವಾಗಲೋ ಒಣಗಿ ಉದುರಿದೆ. ಉದುರಿದ ಮೇಲೆ ತುಂಬಿದ ಪ್ರತಿಯೊಂದಕ್ಕೂ ಒಂದು ಅಕ್ಕಿಕಾಳಿನಷ್ಟು ಮದ್ದು ಹೆಚ್ಚು ಬಿದ್ದಿದೆ. ನೀವು ಮೊದಲೇ ಮಿತಿಯ ಹತ್ತಿರ ಇದ್ದಿರಿ, ಪುಸ್ತಕ ತೆಗೆದು ನೋಡಿದೆ, ಮಿತಿ ದಾಟುತ್ತದೆ. ಐವತ್ತರಲ್ಲಿ ಯಾವುದು ಮೊದಲಿನದು ಯಾವುದು ಆಮೇಲಿನದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಬೆಂಕಿಗೆ ಹೆದರಿದೆ, ಅಕ್ಕಿಗೆ ಹೆದರಬೇಕೆಂದು ಹೊಳೆಯಲಿಲ್ಲ. ತೂಕದ ಕೆಲಸವನ್ನೇ ಓದಿದವಳು ತಕ್ಕಡಿಗೆ ಗಂಧ ಹಚ್ಚಿದೆ.

ನಿಮಗೆ ಒಂಬತ್ತು ಸಲ ಫೋನ್ ಮಾಡಿದೆ, ಆಫ್ ಆಗಿದೆ. ನಿಂಗಪ್ಪನವರದು ಬಡಿದುಕೊಳ್ಳುತ್ತದೆ, ಎತ್ತುವುದಿಲ್ಲ, ಗೋದಾಮಿನ ಲಾಕರಿನಲ್ಲಿರಬೇಕು. ಇಬ್ಬರಿಗೂ ಎಸ್ಸೆಮ್ಮೆಸ್ ಕಳಿಸಿದ್ದೇನೆ. ಗೋದಾಮಿನ ಆಫೀಸಿನಲ್ಲಿ ಶನಿವಾರ ಬರೀ ಮೆಷಿನ್ ಮಾತಾಡುತ್ತದೆ. ಗೋಪಿ ಬಂದು ಹಾರ್ನ್ ಮಾಡುತ್ತಿದ್ದಾನೆ. ನಾಮಕರಣ ಆಮೇಲೆ, ಮೊದಲು ನೇರವಾಗಿ ಗೋದಾಮಿನ ಗೇಟಿಗೆ ಹೋಗಿ ಎರಡು ಗಂಟೆಯವರೆಗೆ ಅಲ್ಲೇ ನಿಲ್ಲು, ಜಗನ್ನಾಥಣ್ಣ ಕಾರು ಹತ್ತುವ ಮುಂಚೆ ಈ ಕಾಗದ ಅವರ ಕೈಗೆ ಕೊಡು ಎಂದು ಹೇಳಿದ್ದೇನೆ. ಈಗ ಎಂಟು ಐವತ್ತು, ಒಂದು ಗಂಟೆ ಹಿಂದಿರುವ ನಿಮ್ಮ ಗಡಿಯಾರದಲ್ಲಿ ಏಳು ಐವತ್ತು. ನಾಲ್ಕೂವರೆ ಗಂಟೆಯ ದಾರಿ, ರಸ್ತೆ ರಿಪೇರಿ ಇರದಿದ್ದರೆ ಸಾಕು.

ಆ ತೋಟಾಗಳ ಡಬ್ಬಿಯನ್ನು ನೀವೇ ಏನೂ ಮಾಡಲು ಹೋಗಬೇಡಿ, ಬೀಗ ಹಾಕಿಡಿ, ದೀಪಾವಳಿಗೆ ಬರುವಾಗ ಹಾಗೇ ತನ್ನಿ. ನೀವು ನಕ್ಕ ಸುತ್ತಿಗೆಯ ಹೊದಿಕೆ ಈಗ ಹರಿದು ಬೆಂಚಿನ ಮೇಲಿಟ್ಟಿದ್ದೇನೆ. ಲೆಸ್ಟರ್‌ನನ್ನು ಕರೆಸಿ, ಅವನ ಮುಂದೆ ಐವತ್ತನ್ನೂ ನಾನೇ ಕುಟ್ಟಿ ಬಿಚ್ಚುತ್ತೇನೆ. ಅಕ್ಷತೆ ಪೊಟ್ಟಣ ಪಾರ್ಸಲ್ಲಿನಲ್ಲಿದೆ, ಅದನ್ನು ತಲೆಗೆ ಹಾಕಿಕೊಳ್ಳಿ. ಆ ಒಂದು ಕಾಳನ್ನು ಮಾತ್ರ ಇಲ್ಲಿ ಕೆಳಗೆ ಟೇಪ್ ಹಾಕಿ ಅಂಟಿಸಿದ್ದೇನೆ, ಇವಳು ಸುಮ್ಮನೆ ಹೆದರುತ್ತಾಳೆ ಎಂದು ಕಾಗದ ಮಡಿಸಿ ಜೇಬಿಗಿಟ್ಟು ಹೊರಡುತ್ತೀರಿ ಎಂದು ನನಗೆ ಗೊತ್ತು. ಕೈಯಿಂದ ಮುಟ್ಟಿ ನೋಡಿ. ನೋಡಿದ ಮೇಲೆ ಅಲ್ಲೇ ಗೇಟಿನಲ್ಲಿ ನಿಂತು ಗೋಪಿಯ ಫೋನಿನಿಂದ ಮನೆಗೆ ಮಾಡಿ. ‘ಹೂಂ’ ಎನ್ನಿ, ಅಷ್ಟು ಸಾಕು. ನಾನು ಫೋನಿನ ಪಕ್ಕದಲ್ಲೇ ಕುಳಿತಿರುತ್ತೇನೆ.